ಹೆಂಚಿನ ಬೆನ್ನ ಮೇಲಿನ ಹೆಸರು

ಹಲಗೇರಿಯ ನಮ್ಮ ಹಳೆಯ ಮನೆಯ ದನದ ಕೊಟ್ಟಿಗೆಗೆ ತಗಡು ಹಾಕಿಸಿದಾಗ, ಬಿಚ್ಚಿದ ಹೆಂಚುಗಳನ್ನು ಹಿತ್ತಲಲ್ಲಿ ಒಟ್ಟಿದ್ದರು. ಒಂದನ್ನು ತೊಳೆದು ನೋಡಿದೆ. ಬೆನ್ನ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಬಾಸೆಲ್ ಮಿಷನ್’ ಎಂದಿತ್ತು, ಜೊತೆಗೆ 1865 ಎಂಬ ಇಸವಿ. ಆ ಹೆಂಚನ್ನು ಸುಟ್ಟ ವರ್ಷವೇ ಅದು ಎಂದು ಬಹಳ ದಿನ ನಂಬಿದ್ದೆ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷವೆಂದು ಆಮೇಲೆ ತಿಳಿಯಿತು. ಆದರೆ ಧರ್ಮ ಹೇಳಲು ಬಂದವರು ಹೆಂಚು ಯಾಕೆ ಸುಟ್ಟರು? ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ಬಾಸೆಲ್ ಮಿಷನ್ನಿನ ಮೊದಲ ಮೂವರು, ಹೆಬಿಕ್, ಲೆನರ್ ಮತ್ತು ಗ್ರೈನರ್, 1834ರಲ್ಲಿ ಮಂಗಳೂರಿಗೆ ಬಂದರು. ಮೂರೇ ವರ್ಷಗಳಲ್ಲಿ ಧಾರವಾಡಕ್ಕೆ, ಆಮೇಲೆ ಹುಬ್ಬಳ್ಳಿ, ಬೆಟಗೇರಿಗಳಿಗೆ ಅವರ ಕೆಲಸ ಹಬ್ಬಿತು. ಈ ಮಿಷನ್ನಿಗೆ ಸೇರುತ್ತಿದ್ದವರಲ್ಲಿ ಬಹಳ ಜನ ದಕ್ಷಿಣ ಜರ್ಮನಿಯ ರೈತರ, ಕುಶಲಕರ್ಮಿಗಳ ಮಕ್ಕಳು. ಜರ್ಮನ್ ಭಾಷೆಯಲ್ಲಿ ‘ಬೆರೂಫ್’ ಎಂಬ ಒಂದು ಪದವಿದೆ. ಉದ್ಯೋಗ ಎಂದೂ ಅರ್ಥ, ಕರೆ ಎಂದೂ ಅರ್ಥ. ದೇವರ ಕರೆ ಸನ್ಯಾಸಿಗೆ ಮಾತ್ರವಲ್ಲ, ಚಮ್ಮಾರನಿಗೂ ಒಕ್ಕಲಿಗನಿಗೂ ಅವರವರ ಕೆಲಸದಲ್ಲೇ ಬರುತ್ತದೆ ಎಂದು ಲೂಥರ್ ಹದಿನಾರನೆಯ ಶತಮಾನದಲ್ಲಿ ವಾದಿಸಿದ್ದ. ಆ ನಂಬಿಕೆಯಲ್ಲಿ ಬೆಳೆದವರು ಇವರು.

ನಮ್ಮ ಸೀಮೆಗೆ ಇದು ಹೊಸ ಮಾತೇನಲ್ಲ. ನಮ್ಮ ರಾಣೇಬೆನ್ನೂರು ತಾಲೂಕಿನಲ್ಲೇ, ತುಂಗಭದ್ರೆಯ ದಂಡೆಯ ಮೇಲೆ ಚೌಡಯ್ಯದಾನಪುರವಿದೆ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಊರು ಅದು. ಚೌಡಯ್ಯ ಶರಣನಾದ, ವಚನಕಾರನಾದ, ಅಂಬಿಗನಾಗಿಯೇ ಉಳಿದ. ದೋಣಿಯ ಹುಟ್ಟನ್ನು ಕೆಳಗಿಡು ಎಂದು ಅವನ ಭಕ್ತಿ ಕೇಳಲಿಲ್ಲ.

ಮಂಗಳೂರಿನಲ್ಲಿ ಕ್ರೈಸ್ತರಾದ ಬಿಲ್ಲವರ ಪಾಡು ಹೀಗಿರಲಿಲ್ಲ. ಶೇಂದಿ ಇಳಿಸುವ ಕೆಲಸವನ್ನು ಮಿಷನ್ ಒಪ್ಪಲಿಲ್ಲ. ಮತ ಬದಲಿಸಿದವರನ್ನು ಜಾತಿ ಹೊರಗಿಟ್ಟಿತು, ಮನೆಯವರೂ ಎಷ್ಟೋ ಸಲ ಬಾಗಿಲು ಮುಚ್ಚಿದರು. ಗೇಣಿಯ ನೆಲ ಹೋದರೆ ಅನ್ನವೂ ಹೋಯಿತು. ನಿತ್ಯದ ದುಡಿಮೆಯಲ್ಲೇ ವಿಶ್ವಾಸವನ್ನು ಬಾಳಬೇಕು ಎಂದು ಬೋಧಿಸಿದವರ ಮುಂದೆ ದುಡಿಮೆಯನ್ನೇ ಕಳೆದುಕೊಂಡ ಜನ ನಿಂತಿದ್ದರು.

ಹಾಗಾಗಿ ಮಗ್ಗಗಳು ಬಂದವು, ಮುದ್ರಣಾಲಯ ಬಂತು, ಹೆಂಚು ಬಂತು. ಗದಗಿನ ಹತ್ತಿರದ ಮಲ್ಲಸಮುದ್ರದಲ್ಲಿ ಬೇಸಾಯದ ವಸಾಹತಿನ ಪ್ರಯತ್ನವೂ ನಡೆಯಿತು, ಅದು ಎಣಿಸಿದಂತೆ ಬೆಳೆಯಲಿಲ್ಲ. ನೇಯ್ಗೆಯ ಕಸುಬು ಬಲ್ಲ ಹಾಲರ್ 1851ರಲ್ಲಿ ಬಂದು ಮಂಗಳೂರಿನ ಮಗ್ಗಗಳಿಗೆ ಹೊಸ ರೂಪ ಕೊಟ್ಟ. ಪ್ಲೆಬ್ಸ್ಟ್ ನೇತ್ರಾವತಿ ಕಡೆಯ ಜೇಡಿಮಣ್ಣನ್ನು ಪರೀಕ್ಷಿಸಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ. ಮುಳಿಹುಲ್ಲಿನ ಮಾಡಿಗೆ ಬೆಂಕಿಯ ಭಯವಿದ್ದ ನಾಡಿನಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಕೆಂಪು ಹೆಂಚು ಮನೆಮನೆಗೆ ಏರಿತು. ಅದನ್ನು ಹೊದಿಸಿದ ಮನೆಯಲ್ಲಿ ಯಾವ ದೇವರ ಜಗಲಿ ಇದೆ ಎಂದು ಹೆಂಚು ಕೇಳಲಿಲ್ಲ.

ಇದನ್ನು ಬರೀ ಹೊಗಳಿ ಮುಗಿಸಲಾರೆ. ಕೂಲಿ ಕೊಡುವ ಕೈಯೂ ಉಪದೇಶ ಮಾಡುವ ಬಾಯಿಯೂ ಒಂದೇ ಸಂಸ್ಥೆಯದಾದಾಗ ಕೆಲಸಗಾರ ಹೇಗೆ ಸ್ವತಂತ್ರನಾದಾನು? ಸಭೆಯ ಶಿಸ್ತು ಮತ್ತು ಕಾರ್ಖಾನೆಯ ಶಿಸ್ತು ಒಂದರೊಳಗೊಂದು ಬೆರೆತವು. ಚೌಡಯ್ಯನ ಕಾಯಕ ಅವನದೇ ಆಗಿತ್ತು, ಜೆಪ್ಪುವಿನ ಕಾರ್ಮಿಕನದು ಇನ್ನೊಬ್ಬರು ಕೊಟ್ಟದ್ದು. ಈ ಅಂತರವನ್ನು ಮರೆತರೆ ಇತಿಹಾಸಕ್ಕೆ ಅನ್ಯಾಯ ಮಾಡಿದಂತೆ. ಆದರೆ ಜಾತಿ ಹೊರದಬ್ಬಿದವನಿಗೆ ಕಸುಬನ್ನು ಕಲಿಸಿದ್ದು, ವಾರದ ಕೂಲಿಯನ್ನು ಅವನ ಕೈಗಿಟ್ಟದ್ದು ಸಣ್ಣ ಸಂಗತಿಯೂ ಅಲ್ಲ.

ಕರೆ ಎಂಬುದು ಮಿಷನ್ನಿನವರನ್ನೇ ಪರೀಕ್ಷಿಸಿದ್ದೂ ಉಂಟು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟೆಲ್ ಬೋಧಕನಾಗಿ ಬಂದವನು. ಕನ್ನಡದ ಓದಿಗೆ ಅವನು ಇಷ್ಟು ಹೊತ್ತು ಕೊಡುವುದು ಜೊತೆಯವರಲ್ಲಿ ಹಲವರಿಗೆ ಹಿಡಿಸಲಿಲ್ಲ. ಅವನು ಹಳಗನ್ನಡ ಕಾವ್ಯಗಳನ್ನು ಓದಿದ, ಛಂದಸ್ಸನ್ನು ಕಲಿತ, ಜನರ ಬಾಯಿಂದ ಗಾದೆಗಳನ್ನು ಆಯ್ದುಕೊಂಡ. 1894ರಲ್ಲಿ ಮಂಗಳೂರಿನ ಮಿಷನ್ ಮುದ್ರಣಾಲಯದಿಂದ ಅವನ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂತು. ಸುಮಾರು ಎಪ್ಪತ್ತು ಸಾವಿರ ಪದಗಳ ಆ ಪುಸ್ತಕವನ್ನು ಇಂದು ತೆರೆಯುವವರಲ್ಲಿ ಕಿಟೆಲನ ಧರ್ಮಕ್ಕೆ ಸೇರಿದವರು ತೀರಾ ಕಡಿಮೆ. ಆದರೂ ಅವನ ಅತ್ಯಂತ ದೀರ್ಘವಾದ ಸೇವೆ ಅದೇ ಎಂದು ನನಗನ್ನಿಸುತ್ತದೆ.

ಬಾಸೆಲ್ಲಿನವರ ಕಥೆಯಿಂದ ನಾನು ತಿಳಿದದ್ದು ಇಷ್ಟು. ಬೋಧನೆ ಯಾರನ್ನು ಬದಲಿಸಿತು ಎಂಬ ಲೆಕ್ಕ ವರದಿಗಳಲ್ಲಿ ಉಳಿಯುತ್ತದೆ. ನಿಷ್ಠೆಯಿಂದ ಮಾಡಿದ ಕೆಲಸ ಮಾತ್ರ ಅಪರಿಚಿತರ ಮನೆ ಸೇರುತ್ತದೆ, ಮಳೆ ತಡೆಯುತ್ತದೆ, ಪದದ ಅರ್ಥ ಹೇಳುತ್ತದೆ. ಮಣ್ಣು ತುಳಿದವರ, ಅಚ್ಚಿಗೆ ಒತ್ತಿದವರ, ಭಟ್ಟಿಯ ಮುಂದೆ ಬೆವರಿದವರ ಹೆಸರು ಹೆಂಚಿನ ಮೇಲಿಲ್ಲ, ಮಿಷನ್ನಿನ ಹೆಸರಷ್ಟೇ ಇದೆ. ಹಿತ್ತಲಿನ ಆ ಹೆಂಚನ್ನು ನಾನು ಒಳಗೆ ತಂದಿಟ್ಟುಕೊಂಡದ್ದು ಆ ಹೆಸರಿಲ್ಲದವರಿಗಾಗಿ.