ತಾನೇ ಉಂಡರೆ ಬಡಿಸುವುದೇನು?

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಉತ್ತರದಲ್ಲಿರುವ ಮೇರ್ ಐಲೆಂಡನ್ನು ನಮ್ಮ ಸದಸ್ಯರಲ್ಲಿ ಕೆಲವರಾದರೂ ಕಂಡಿರಬಹುದು. ಅಲ್ಲಿನ ಹಡಗುಕಟ್ಟೆಯಿಂದ 1912ರ ಆಗಸ್ಟ್ 14ರಂದು ನೀರಿಗಿಳಿದ ‘ಜ್ಯೂಪಿಟರ್’ ಯುದ್ಧನೌಕೆಯಾಗಿರಲಿಲ್ಲ. ಯುದ್ಧನೌಕೆಗಳಿಗೆ ಕಲ್ಲಿದ್ದಲು ಒಯ್ಯುವ ಸೇವಾನೌಕೆ.

ಇಂಥ ಹಡಗು ಹೊತ್ತ ಕಲ್ಲಿದ್ದಲನ್ನು ತಾನೇ ಉಂಡರೆ ಬಡಿಸುವುದೇನು? ಆವಿಯ ಟರ್ಬೈನ್ ವೇಗವಾಗಿ ತಿರುಗಿದರೆ ಮಿತವ್ಯಯಿ. ನೀರೊಳಗಿನ ಪ್ರೊಪೆಲರ್ ನಿಧಾನವಾಗಿ ತಿರುಗಿದರೆ. ಇವೆರಡನ್ನು ಹೊಂದಿಸಲು ಅಮೆರಿಕದ ನೌಕಾಪಡೆ ಹೆಚ್ಚುಕಡಿಮೆ ಒಂದೇ ಗಾತ್ರದ ಮೂರು ಹಡಗುಗಳನ್ನು ಹೋಲಿಸಿ ನೋಡಿತು. ‘ಸೈಕ್ಲೋಪ್ಸ್’ಗೆ ಹಳೆಯ ಪಿಸ್ಟನ್ ಎಂಜಿನ್, ‘ನೆಪ್ಚೂನ್’ಗೆ ಹಲ್ಲುಗಾಲಿ ಜೋಡಿಸಿದ ಟರ್ಬೈನ್. ಜ್ಯೂಪಿಟರ್‌ಗೆ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ವಿಲಿಯಂ ಎಮೆಟ್ ಪ್ರತಿಪಾದಿಸಿದ ವಿದ್ಯುತ್ ಮಾರ್ಗ: ಟರ್ಬೈನು ಜನರೇಟರನ್ನು ತಿರುಗಿಸುವುದು, ಆ ವಿದ್ಯುತ್ತಿನಿಂದ ಮೋಟಾರುಗಳು ಪ್ರೊಪೆಲರ್‌ಗಳನ್ನು. ನಿಮಿಷಕ್ಕೆ ಅತ್ತ ಸುಮಾರು 2,000 ಸುತ್ತು, ಇತ್ತ ಸುಮಾರು 110. ಔಷಧ ಪರೀಕ್ಷೆಗಳನ್ನು ಓದುವ ವೈದ್ಯನಾದ ನನಗೆ ಈ ಹೋಲಿಕೆಯ ಅಚ್ಚುಕಟ್ಟು ಅಸೂಯೆ ತರಿಸುತ್ತದೆ.

ವಿದ್ಯುತ್ ಮಾರ್ಗ ಗೆದ್ದಿತು. 1918ರಲ್ಲಿ ‘ನ್ಯೂ ಮೆಕ್ಸಿಕೊ’ ಎಂಬ ಮಹಾನೌಕೆಗೂ ಅದೇ ಬಂತು. ಆದರೆ ಯಂತ್ರಗಳ ತೂಕ ಹೆಚ್ಚು. ಹಲ್ಲುಗಾಲಿಗಳು ಸುಧಾರಿಸಿದಂತೆ ನೌಕಾಪಡೆ ಅತ್ತ ಹೊರಳಿತು.

ಅದೇ 1918ರ ಮಾರ್ಚ್‌ನಲ್ಲಿ ಸೈಕ್ಲೋಪ್ಸ್, ಒಂದು ಎಂಜಿನ್ ಕೆಟ್ಟ ಸ್ಥಿತಿಯಲ್ಲೇ ಬಾರ್ಬಡೋಸ್ ಬಿಟ್ಟು ಹೊರಟು, 306 ಜನರೊಂದಿಗೆ ಕಣ್ಮರೆಯಾಯಿತು, ಅವಶೇಷವೂ ದೊರೆಯಲಿಲ್ಲ. ಜ್ಯೂಪಿಟರ್‌ನ ಮೇಲೆ ಹಲಗೆ ಹಾಸಿ 1922ರಲ್ಲಿ ಅಮೆರಿಕದ ಮೊದಲ ವಿಮಾನವಾಹಕ ‘ಲ್ಯಾಂಗ್ಲಿ’ಯನ್ನಾಗಿಸಿದರು. 1942ರ ಫೆಬ್ರವರಿ 27ರಂದು ಜಾವಾದ ದಕ್ಷಿಣಕ್ಕೆ ಜಪಾನೀ ಬಾಂಬುಗಳು ಅದನ್ನು ಅಶಕ್ತಗೊಳಿಸಿದವು. ಕೊನೆಗೆ ಜೊತೆಯ ಹಡಗುಗಳೇ ಅದನ್ನು ಮುಳುಗಿಸಬೇಕಾಯಿತು.