ಘಾಟಿನ ಏಡಿ

ನಮ್ಮ ಮೊಮ್ಮಗಗ ಆಟದ ರೈಲಿನ ಹುಚ್ಚು. ಸ್ವಿಟ್ಜರ್ಲೆಂಡಿನ ಹಳೇ ಕರೆಂಟಿನ ಎಂಜಿನ್ 'ಮೊಸಳಿ' ಮಾಡ್ತೀನಿ ಅಂತ ರಟ್ಟು, ಕತ್ತರಿ ಹಿಡಕೊಂಡು ಕೂತಿದ್ದ. ಮೊಸಳಿ ಇರಲಿ, ಮೊದಲ ನಮ್ಮ ಖೇಕ್ಡಾ ಮಾಡೋ ಅಂದೆ. ಮರಾಠಿಯೊಳಗ ಖೇಕ್ಡಾ ಅಂದ್ರ ಏಡಿ.

ಮುಂಬೈಯಾಗ ಕರೆಂಟಿನ ರೈಲು ಮೊದಲ ಓಡಿದ್ದು 1925ರ ಫೆಬ್ರುವರಿ 3ಕ್ಕ, ಬೋರಿಬಂದರದಿಂದ ಕುರ್ಲಾಕ್ಕ. ಪುಣೆಗೆ ಹೋಗಬೇಕಂದ್ರ ನಡುವ ಭೋರ್ ಘಾಟು. 37 ಅಡಿಗೆ 1 ಅಡಿ ಏರು. ನಡಿಯೋ ನಮಗ ಏನೂ ಅನಸೂದಿಲ್ಲ ಬಿಡ್ರಿ, ಮಾಲು ತುಂಬಿದ ರೈಲಿಗೆ ಜೀವ ಹೋಗ್ತದ. ಅದಕ್ಕಂತನ 1928ರ ಸುಮಾರಿಗೆ ಇವು ಬಂದ್ವು, ಒಟ್ಟು 41. ಮೊದಲಿನವು ಮೊಸಳಿ ಹುಟ್ಟಿದ ವಿಂಟರ್ಥೂರಿನ್ಯಾಗ ತಯಾರಾದ್ವು, ಉಳದವು ಇಂಗ್ಲೆಂಡಿನ್ಯಾಗ.

ಮೈ ಮೂರು ತುಂಡು. ನಡುವ ಡಬ್ಬಿ, ಹಿಂದ ಮುಂದ ಒಂದೊಂದು ಮೂತಿ. ಕೀಲು ಇರೋದಕ್ಕ ತಿರುವಿನ್ಯಾಗ ಬಳಕ್ತದ, ಊಟದ ಟೇಬಲ್ಲಿನ ಮ್ಯಾಲಿನ ಸಣ್ಣ ಹಳಿಗೂ ಅದ ಬೇಕು. ಗಾಲಿ ಜೋಡಿಸಿದ ಕಬ್ಬಿಣದ ಸರಳು ಹೊರಗ ಕಾಣಸ್ತಾವ, ಓಡೂದು ನೋಡಲಿಕ್ಕೆ ಚಂದ.

ನಾ ಮದುವ್ಯಾಗಿ ಮುಂಬೈಗೆ ಹೋದಾಗ ಇವು ಮುಪ್ಪಾಗಿ ಯಾರ್ಡಿನೊಳಗ ಡಬ್ಬಿ ಸರಸ್ತಿದ್ವು. ನಿಂತಲ್ಲೇ ನರಳ್ತಿದ್ವು! ಯಾರಿಗೋ ಬ್ಯಾನಿ ಅಂತ ತಿರುಗಿ ನೋಡಿದ್ದೆ, ನಮ್ಮವರು ನಕ್ಕಿದ್ರು. ಈಗ ದಿಲ್ಲಿ ರೈಲು ಮ್ಯೂಸಿಯಮ್ಮಿನ್ಯಾಗ 'ಸರ್ ಲೆಸ್ಲಿ ವಿಲ್ಸನ್' ಅನ್ನೋದು ನಿಂತದ, ದನಿ ಇಲ್ಲದ.

ಹುಡುಗ ಪಿನ್ನು ಚುಚ್ಚಿ ಕೀಲು ಮಾಡಿದ. "ಅಜ್ಜಿ, ಹೆಂಗ ನರಳ್ತಿತ್ತು?" ಅಂದ. ಒಲಿ ಆರಿಸಿ ಬಂದು ಮಾಡಿ ತೋರಿಸಿದೆ.