ಆರಿಸಿದವರು ಜನ, ಎಣಿಸಿದವರು ಯಾರು?

ಅಮೆರಿಕದ ರಾಜ್ಯವೊಂದರ ಗವರ್ನರ್ ನಮ್ಮ ರಾಜ್ಯಪಾಲರ ಹಾಗೆ ದೆಹಲಿಯಿಂದ ನೇಮಕವಾಗಿ ಬರುವವನಲ್ಲ. ಇಡೀ ರಾಜ್ಯವೇ ಒಂದು ಕ್ಷೇತ್ರವಾಗಿ ಅವನನ್ನು ಗೆಲ್ಲಿಸುತ್ತದೆ. ನಮ್ಮ ಸಂವಿಧಾನ ಸಭೆಯೂ 1947ರಲ್ಲಿ ಇಂಥದೇ ನೇರ ಚುನಾವಣೆಗೆ ಒಪ್ಪಿತ್ತು. ಜನರಿಂದ ಗೆದ್ದ ರಾಜ್ಯಪಾಲನಿಗೂ ಮುಖ್ಯಮಂತ್ರಿಗೂ ಜಟಾಪಟಿ ತಪ್ಪದೆಂದು 1949ರಲ್ಲಿ ಆ ಯೋಚನೆಯನ್ನು ಕೈಬಿಟ್ಟಿತು. ಅಮೆರಿಕದಲ್ಲಿ ಈ ಪದ್ಧತಿ ಬೇರೂರಲು ಹತ್ತೊಂಬತ್ತನೆಯ ಶತಮಾನದ ಬಹುಭಾಗ ಹಿಡಿಯಿತು. ಸಾಮಾನ್ಯವಾಗಿ ಇದನ್ನು ಮತದಾನದ ಹಕ್ಕು ವಿಸ್ತರಿಸಿದ ಕಥೆಯಾಗಿ ಹೇಳುತ್ತಾರೆ. ಅದು ನಿಜವೇ. ಆದರೆ ಹಕ್ಕಿನಷ್ಟೇ ಗಮನವನ್ನು ಎಣಿಕೆಗೂ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಆರಿಸುವ ಅಧಿಕಾರ ಜನರ ಕೈಗೆ ಬಂದಮೇಲೂ ಎಣಿಸುವ ಅಧಿಕಾರ ರಾಜಕಾರಣಿಗಳ ಕೈಯಲ್ಲೇ ಉಳಿದಿತ್ತು.

1776ರಲ್ಲಿ ಬ್ರಿಟಿಷ್ ದೊರೆಯ ಗವರ್ನರುಗಳಿಂದ ಬೇಸತ್ತಿದ್ದ ಜನಕ್ಕೆ ಆ ಹುದ್ದೆಯ ಮೇಲೇ ಅನುಮಾನ. ಪೆನ್ಸಿಲ್ವೇನಿಯ ಗವರ್ನರನೇ ಬೇಡವೆಂದು ಹನ್ನೆರಡು ಮಂದಿಯ ಮಂಡಳಿ ಮಾಡಿಕೊಂಡಿತು. ವರ್ಜೀನಿಯದಲ್ಲಿ ಶಾಸನಸಭೆಯೇ ಗವರ್ನರನನ್ನು ಆರಿಸುತ್ತಿತ್ತು. ಆದರೆ ನ್ಯೂಯಾರ್ಕ್ (1777) ಮತ್ತು ಮ್ಯಾಸಚೂಸೆಟ್ಸ್ (1780) ಆಗಲೇ ಜನರಿಂದ ಆಯ್ಕೆಯಾಗುವ ಗವರ್ನರನನ್ನು ಬಯಸಿದವು. ಅಲ್ಲೂ ಮತ ಹಾಕುವವರು ಆಸ್ತಿವಂತ ಗಂಡಸರು. ನ್ಯೂಯಾರ್ಕಿನಲ್ಲಿ ಗವರ್ನರನ ಚುನಾವಣೆಗೆ ನೂರು ಪೌಂಡ್ ಬೆಲೆಯ ಸ್ವಂತ ಜಮೀನು ಬೇಕಿತ್ತು.

ಎಣಿಕೆಯ ತಕರಾರು ಶುರುವಾದದ್ದೂ ನ್ಯೂಯಾರ್ಕಿನಲ್ಲೇ. 1792ರ ಗವರ್ನರನ ಚುನಾವಣೆಯಲ್ಲಿ ಜಾರ್ಜ್ ಕ್ಲಿಂಟನ್‌ಗೆ ಎದುರಾಗಿ ಜಾನ್ ಜೇ ನಿಂತರು. ಕೌಂಟಿಗಳಿಂದ ಬಂದ ಮತಪತ್ರಗಳನ್ನು ಎಣಿಸಬೇಕಾದದ್ದು ಶಾಸನಸಭೆಯ ಸಮಿತಿ. ಜೇಗೆ ಒಲಿದಿದ್ದ ಆಟ್ಸೆಗೊ ಕೌಂಟಿಯಿಂದ ಮತಪತ್ರ ಕಳಿಸಿದ ಷೆರಿಫನ ಅಧಿಕಾರಾವಧಿ ಮುಗಿದಿತ್ತೆಂಬ ಕಾರಣ ಮುಂದಿಟ್ಟು ಕ್ಲಿಂಟನ್ ಕಡೆಯ ಬಹುಮತ ಆ ಮತಗಳನ್ನೇ ತಳ್ಳಿಹಾಕಿತು. ಇನ್ನೆರಡು ಕೌಂಟಿಗಳ ಮತಗಳಿಗೂ ಇದೇ ಗತಿ. ಕ್ಲಿಂಟನ್ 108 ಮತಗಳಿಂದ ಗೆದ್ದರೆಂದು ಘೋಷಣೆಯಾಯಿತು. ಷೆರಿಫನ ಹಳೆಯ ನೇಮಕಪತ್ರದ ತಪ್ಪಿಗೆ ಒಂದಿಡೀ ಕೌಂಟಿಯ ಜನ ಮತ ಕಳೆದುಕೊಂಡರು.

ಮುಂದಿನ ಸುಮಾರು ಆರು ದಶಕಗಳಲ್ಲಿ ಶಾಸನಸಭೆಗಳು ಗವರ್ನರನ ಆಯ್ಕೆಯನ್ನು ಒಂದೊಂದಾಗಿ ಬಿಟ್ಟುಕೊಟ್ಟವು: 1825ರಲ್ಲಿ ಜಾರ್ಜಿಯ, 1836ರಲ್ಲಿ ಉತ್ತರ ಕ್ಯಾರೊಲಿನ, 1838ರಲ್ಲಿ ಮೇರಿಲ್ಯಾಂಡ್, 1844ರಲ್ಲಿ ನ್ಯೂಜೆರ್ಸಿ, 1851ರಲ್ಲಿ ವರ್ಜೀನಿಯ. ದಕ್ಷಿಣ ಕ್ಯಾರೊಲಿನಕ್ಕೆ ಮಾತ್ರ ಅಂತರ್ಯುದ್ಧದಲ್ಲಿ ಸೋಲುವ ತನಕ, ಅಂದರೆ 1865ರ ತನಕ, ಮನಸ್ಸು ಬರಲಿಲ್ಲ.

ನ್ಯೂಇಂಗ್ಲೆಂಡಿನ ನಿಯಮ ಇನ್ನೂ ಬಿಗಿ. ಎಲ್ಲರಿಗಿಂತ ಹೆಚ್ಚು ಮತ ಬಂದರೆ ಸಾಲದು, ಅರ್ಧಕ್ಕಿಂತ ಹೆಚ್ಚು ಬರಬೇಕು. ಇಲ್ಲವಾದರೆ ಆಯ್ಕೆ ಮತ್ತೆ ಶಾಸನಸಭೆಯ ಪಾಲು. ಮ್ಯಾಸಚೂಸೆಟ್ಸ್‌ನಲ್ಲಿ ಚುನಾವಣೆ ವರ್ಷವರ್ಷವೂ ಬರುತ್ತಿತ್ತು. 1839ರಲ್ಲಿ ಅಲ್ಲಿ ಗವರ್ನರ್ ಎಡ್ವರ್ಡ್ ಎವರೆಟ್ ವಿರುದ್ಧ, ಹಲವು ಸಲ ಸೋತಿದ್ದ ಮಾರ್ಕಸ್ ಮಾರ್ಟನ್ ನಿಂತಿದ್ದರು. ಹದಿನೈದು ಗ್ಯಾಲನ್ನಿಗಿಂತ ಕಡಿಮೆ ಮದ್ಯ ಮಾರಕೂಡದೆಂದು ಹಿಂದಿನ ವರ್ಷ ಕಾನೂನು ಬಂದಿತ್ತು. ಬಡವ ಒಂದು ಲೋಟ ಕುಡಿಯುವಂತಿಲ್ಲ, ಸಾಹುಕಾರ ಪೀಪಾಯಿಯನ್ನೇ ಮನೆಗೆ ಒಯ್ಯಬಹುದು ಎಂಬ ಸಿಟ್ಟು ಎವರೆಟ್‌ಗೆ ಮುಳುವಾಯಿತು. ಚಲಾವಣೆಯಾದದ್ದು 1,02,066 ಮತ. ಮಾರ್ಟನ್‌ಗೆ ಸಿಕ್ಕಿದ್ದು 51,034. ಅದರಲ್ಲಿ ಒಂದೇ ಒಂದು ಮತ ಬೇರೆಯವರಿಗೆ ಬಿದ್ದಿದ್ದರೆ ಬಹುಮತ ತಪ್ಪುತ್ತಿತ್ತು. ಎವರೆಟ್ ಪಟ್ಟು ಹಿಡಿಯದೆ ಅಧಿಕಾರ ಬಿಟ್ಟುಕೊಟ್ಟರು. ಈ ಚರಿತ್ರೆಯಲ್ಲಿ ಅಂಥ ದೊಡ್ಡತನ ಅಪರೂಪ, ಅದಕ್ಕೇ ಅದನ್ನು ನೆನೆಯಬೇಕು.

ನಿಜವಾದ ತಿರುವು ಬಂದದ್ದು 1846ರ ನ್ಯೂಯಾರ್ಕ್ ಸಂವಿಧಾನದಿಂದ. ಅದಕ್ಕೆ ಹಿನ್ನೆಲೆ ಸಾಲ. ಕಾಲುವೆ, ರೈಲು, ಬ್ಯಾಂಕುಗಳಿಗೆಂದು ಶಾಸನಸಭೆಗಳು ಮನಬಂದಂತೆ ಸಾಲ ಎತ್ತಿದ್ದವು. 1837ರ ಆರ್ಥಿಕ ಕುಸಿತದ ನಂತರ ಎಂಟು ರಾಜ್ಯಗಳು ಸಾಲ ತೀರಿಸಲಾಗದೆ ಕೈಚೆಲ್ಲಿದವು. ಮೊದಲು ದೊರೆಯ ಗವರ್ನರನ ಮೇಲಿದ್ದ ಅಪನಂಬಿಕೆ ಈಗ ಶಾಸಕರ ಮೇಲೆ ತಿರುಗಿತು. ನ್ಯೂಯಾರ್ಕ್ ಗವರ್ನರನ ಜೊತೆಗೆ ರಾಜ್ಯ ಕಾರ್ಯದರ್ಶಿ, ಕಂಟ್ರೋಲರ್, ಖಜಾಂಚಿ, ಅಟಾರ್ನಿ ಜನರಲ್, ಮುಖ್ಯ ಎಂಜಿನಿಯರ್, ಕಾಲುವೆ ಕಮಿಷನರುಗಳು, ಕೊನೆಗೆ ಸೆರೆಮನೆ ಇನ್ಸ್‌ಪೆಕ್ಟರುಗಳನ್ನು ಕೂಡ ಇಡೀ ರಾಜ್ಯದ ಮತಕ್ಕೆ ಬಿಟ್ಟಿತು. ಬೇರೆ ರಾಜ್ಯಗಳೂ ಇದೇ ದಾರಿ ಹಿಡಿದವು.

ಆಶಯ ಒಳ್ಳೆಯದು, ಫಲ ಮಿಶ್ರ. ನ್ಯೂಯಾರ್ಕಿನಲ್ಲಿ ಗವರ್ನರನ ಚುನಾವಣೆ ಸಮವರ್ಷದಲ್ಲಿ, ರಾಜ್ಯ ಕಾರ್ಯದರ್ಶಿ, ಖಜಾಂಚಿ ಮುಂತಾದವರದು ಬೆಸವರ್ಷದಲ್ಲಿ. ಹೀಗಾಗಿ ಗವರ್ನರನದು ಒಂದು ಪಕ್ಷ, ಖಜಾಂಚಿಯದು ಇನ್ನೊಂದು ಪಕ್ಷ ಆಗಬಹುದಿತ್ತು. ಅವನನ್ನು ತೆಗೆದುಹಾಕುವ ಹಕ್ಕು ಗವರ್ನರನಿಗಿಲ್ಲ. ಸೆರೆಮನೆ ಇನ್ಸ್‌ಪೆಕ್ಟರಾಗಲು ಯಾರು ಯೋಗ್ಯರೆಂದು ದೂರದ ಹಳ್ಳಿಯ ರೈತನಿಗೆ ತಿಳಿಯುವುದಾದರೂ ಹೇಗೆ? ಆ ಕೊರತೆಯನ್ನು ಪಕ್ಷಗಳು ತುಂಬಿದವು. ಮತಪತ್ರ ಅಚ್ಚುಹಾಕುತ್ತಿದ್ದದ್ದು ಸರ್ಕಾರವಲ್ಲ, ಪಕ್ಷ. ಗವರ್ನರನಿಂದ ಹಿಡಿದು ಕೊನೆಯ ಹುದ್ದೆಯವರೆಗೆ ತನ್ನವರ ಹೆಸರನ್ನೇ ಸಾಲಾಗಿ ಅಚ್ಚುಹಾಕಿಸಿದ ಚೀಟಿಯನ್ನು ಅದು ಮತಗಟ್ಟೆಯ ಬಾಗಿಲಲ್ಲೇ ಹಂಚುತ್ತಿತ್ತು. ಬಣ್ಣ, ಅಳತೆ ಬೇರೆಬೇರೆ ಇದ್ದುದರಿಂದ ಯಾರು ಯಾರಿಗೆ ಹಾಕಿದರೆಂದು ನಿಂತವರಿಗೆಲ್ಲ ಕಾಣುತ್ತಿತ್ತು. ಕೆಂಟಕಿಯಲ್ಲಂತೂ 1890ರ ಸುಮಾರಿನವರೆಗೆ ಬಾಯಲ್ಲೇ ಹೆಸರು ಹೇಳಿ ಮತ ಹಾಕಬೇಕಿತ್ತು. 1876ರಲ್ಲಿ ನ್ಯೂಯಾರ್ಕ್ ಕಾಲುವೆ ಮತ್ತು ಸೆರೆಮನೆಯ ಹುದ್ದೆಗಳನ್ನು ಮತ್ತೆ ಗವರ್ನರನ ನೇಮಕಕ್ಕೆ ತಂದಿತು. ಅದು ಸರಿಯಾದ ಹೆಜ್ಜೆ ಎಂದೇ ನನಗನ್ನಿಸುತ್ತದೆ.

ಚುನಾಯಿತ ಅಧಿಕಾರಿಗಳೇ ಎಣಿಕೆಗೆ ಕೂತರೆ ಏನಾಗುತ್ತದೆಂದು ವಿಸ್ಕಾನ್ಸಿನ್ 1855ರಲ್ಲಿ ಕಂಡಿತು. ರಾಜ್ಯ ಕಾರ್ಯದರ್ಶಿ, ಖಜಾಂಚಿ, ಅಟಾರ್ನಿ ಜನರಲ್, ಈ ಮೂವರು ಡೆಮಾಕ್ರಟರೇ ಎಣಿಕೆಯ ಮಂಡಳಿ. ತಮ್ಮ ಪಕ್ಷದ ವಿಲಿಯಂ ಬಾರ್‌ಸ್ಟೊ 157 ಮತಗಳಿಂದ ಗೆದ್ದರೆಂದು ಅವರು ಘೋಷಿಸಿದರು. ಜನವೇ ಇಲ್ಲದಂಥ ಉತ್ತರದ ಕಾಡುಪ್ರದೇಶಗಳಿಂದ ಮತಗಳ ಲೆಕ್ಕ ಬಂದಿತ್ತು. ಸೋತ ಕೋಲ್ಸ್ ಬಾಷ್‌ಫರ್ಡ್ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋದರು. ಗವರ್ನರನ ಹುದ್ದೆಯ ವಿಚಾರಣೆ ಕೋರ್ಟಿಗೆ ಸೇರಿದ್ದಲ್ಲವೆಂದು ಬಾರ್‌ಸ್ಟೊ ಕಡೆಯವರು ವಾದಿಸಿದರು, ಕೋರ್ಟು ಒಪ್ಪಲಿಲ್ಲ. 1856ರ ಮಾರ್ಚಿನಲ್ಲಿ ಬಾರ್‌ಸ್ಟೊ ರಾಜೀನಾಮೆ ಕೊಟ್ಟರು, ಉಪಗವರ್ನರ್ ಆರ್ಥರ್ ಮ್ಯಾಕಾರ್ಥರ್ ನಾಲ್ಕು ದಿನ ಗವರ್ನರ್ ಆದರು. ಸುಳ್ಳು ಲೆಕ್ಕಗಳನ್ನು ಕಳೆದಾಗ ಬಾಷ್‌ಫರ್ಡ್‌ಗೆ 1,009 ಮತಗಳ ಮುನ್ನಡೆ ಸಿಕ್ಕಿತು, ಕೋರ್ಟು ಅವರನ್ನೇ ಕೂರಿಸಿತು. ಅವರೂ ಮುಂದೆ ರೈಲು ಕಂಪನಿಯ ಲಂಚದ ಹಗರಣದಲ್ಲಿ ಸಿಕ್ಕಿಬಿದ್ದರು. ಅದರಿಂದ ತೀರ್ಪಿನ ಬೆಲೆಯೇನೂ ತಗ್ಗುವುದಿಲ್ಲ.

ಅಂತರ್ಯುದ್ಧದ ನಂತರ ದಕ್ಷಿಣದಲ್ಲಿ ಕಪ್ಪು ಜನರು ಮತ ಹಾಕಿದ್ದಷ್ಟೇ ಅಲ್ಲ, ರಾಜ್ಯಮಟ್ಟದ ಹುದ್ದೆಗಳನ್ನೂ ಗೆದ್ದರು. 1868ರಲ್ಲಿ ಆಸ್ಕರ್ ಡನ್ ಲೂಸಿಯಾನದ ಉಪಗವರ್ನರ್ ಆದರು, ಫ್ರಾನ್ಸಿಸ್ ಕಾರ್ಡೋಜೊ ದಕ್ಷಿಣ ಕ್ಯಾರೊಲಿನದ ರಾಜ್ಯ ಕಾರ್ಯದರ್ಶಿಯಾದರು. ಆ ಶತಮಾನದ ಅತ್ಯಂತ ಭರವಸೆಯ ಗಳಿಗೆ ಅದು. ಹಿಂಸೆಯಿಂದ ಅದನ್ನು ಹೊಸಕಿಹಾಕಿದರು. 1872ರಲ್ಲಿ ಲೂಸಿಯಾನದ ಗವರ್ನರ್ ಹುದ್ದೆಗೆ ಇಬ್ಬರು ಹಕ್ಕು ಸಾಧಿಸಿದರು. ಅದೇ ಜಗಳದ ಬೆನ್ನಿಗೆ 1873ರ ಏಪ್ರಿಲ್‌ನಲ್ಲಿ ಆ ರಾಜ್ಯದ ಕೋಲ್‌ಫ್ಯಾಕ್ಸ್‌ನಲ್ಲಿ ಕಪ್ಪು ಜನರ ಮಾರಣಹೋಮ ನಡೆಯಿತು. ಮಿಸಿಸಿಪ್ಪಿ 1890ರಲ್ಲಿ ಕಪ್ಪು ಜನರ ಮತಹಕ್ಕನ್ನು ಕಸಿದುಕೊಂಡಿತು. ರಾಜ್ಯಮಟ್ಟದ ಹುದ್ದೆ ಗೆಲ್ಲಲು ಒಟ್ಟು ಮತಗಳ ಬಹುಮತದ ಜೊತೆಗೆ ಶಾಸನಸಭಾ ಜಿಲ್ಲೆಗಳ ಬಹುಮತವೂ ಬೇಕೆಂಬ ನಿಯಮವನ್ನೂ ಹಾಕಿತು. ಅದು ರದ್ದಾದದ್ದು 2020ರ ಜನಮತದಿಂದ.

ಸುಧಾರಣೆಗಳೂ ಬಂದವು. ಸರ್ಕಾರವೇ ಅಚ್ಚುಹಾಕಿಸುವ ಗುಪ್ತ ಮತಪತ್ರವನ್ನು ಮ್ಯಾಸಚೂಸೆಟ್ಸ್ 1889ರಲ್ಲಿ ರಾಜ್ಯವಿಡೀ ಬಳಸಿತು. 1892ರಲ್ಲಿ ಉತ್ತರ ಡಕೋಟದ ಶಿಕ್ಷಣ ಇಲಾಖೆಯ ಮುಖ್ಯಸ್ಥೆಯಾಗಿ ಲಾರಾ ಐಸೆನ್‌ಹೂತ್ ಗೆದ್ದರು. ದೇಶದಲ್ಲಿ ರಾಜ್ಯಮಟ್ಟದ ಹುದ್ದೆಗೆ ಚುನಾಯಿತಳಾದ ಮೊದಲ ಮಹಿಳೆ ಆಕೆ.

ಆದರೂ ಶತಮಾನ ಮುಗಿದದ್ದು ರಕ್ತದಲ್ಲಿ. 1899ರಲ್ಲಿ ಕೆಂಟಕಿಯ ಚುನಾವಣಾ ಮಂಡಳಿ ರಿಪಬ್ಲಿಕನ್ ವಿಲಿಯಂ ಟೇಲರ್ ಗೆದ್ದರೆಂದಿತು. ಡೆಮಾಕ್ರಟರ ಬಹುಮತವಿದ್ದ ಶಾಸನಸಭೆ ಫಲಿತಾಂಶವನ್ನು ಮರುವಿಚಾರಣೆಗೆ ಎತ್ತಿಕೊಂಡಿತು. 1900ರ ಜನವರಿ 30ರಂದು ರಾಜಧಾನಿ ಫ್ರಾಂಕ್‌ಫರ್ಟ್‌ನಲ್ಲಿ, ಶಾಸನಭವನದ ಎದುರಲ್ಲೇ, ಡೆಮಾಕ್ರಟ್ ಅಭ್ಯರ್ಥಿ ವಿಲಿಯಂ ಗೋಬೆಲ್‌ಗೆ ಗುಂಡು ಬಿತ್ತು. ಶಾಸನಸಭೆ ಗೋಬೆಲ್ ಅವರೇ ಗೆದ್ದರೆಂದು ತೀರ್ಮಾನಿಸಿದ್ದರಿಂದ, ಗಾಯಗೊಂಡು ಮಲಗಿದ್ದವರಿಗೇ ಮರುದಿನ ಪ್ರಮಾಣವಚನ ಬೋಧಿಸಿದರು. ಫೆಬ್ರವರಿ 3ರಂದು ತೀರಿಕೊಂಡರು. ಅವರ ಉಪಗವರ್ನರ್ ಬೆಕಮ್ ಅಧಿಕಾರ ವಹಿಸಿದರು, ಟೇಲರ್ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿನವರೆಗೂ ಹೋದರು. ಮೇ ತಿಂಗಳಲ್ಲಿ ಕೋರ್ಟು ಕೈಹಾಕಲು ನಿರಾಕರಿಸಿತು. ಗವರ್ನರನ ಚುನಾವಣೆಯ ತಕರಾರಿನಲ್ಲಿ ಕೆಂಟಕಿಯ ಶಾಸನಸಭೆಯ ತೀರ್ಮಾನವೇ ಉಳಿಯಿತು.